‘ಬಿಯಾಂಡ್ ದ ಮಿಸೌರಿ ಸ್ಕೈ’ ಜಾಝ್ ಆಲ್ಬಂ ಆಗಿದ್ದರೂ ಜನಪದ ಸಂಗೀತದಂತೆ ಕೇಳಿಸುವುದೇಕೆ?
ಬಾಸ್ ಎಂಬ ಮಂದ್ರ ಸ್ವರದ ದೊಡ್ಡ ತಂತಿವಾದ್ಯದ ವಾದಕ ಚಾರ್ಲಿ ಹೇಡನ್ ಮತ್ತು ಗಿಟಾರ್ ವಾದಕ ಪ್ಯಾಟ್ ಮೆಥೇನಿ 1997ರಲ್ಲಿ ಹೊರತಂದ ಈ ವಾದ್ಯಸಂಗೀತದ ಆಲ್ಬಂನಲ್ಲಿ ಹಾಡುಗಳ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು, ಜಾಝ್‌ನ ಕುಸುರಿಯನ್ನು ಅದರ ಕೆಳಗೆ ಹರಿಯುವ ಕಾರ್ಡ್‌ಗಳಲ್ಲಿ, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳಲ್ಲಿ, ಹಾಗೂ ನಡುನಡುವಿನ ಮನೋಧರ್ಮದ ವಾದನದಲ್ಲಿ ಇರಿಸಲಾಗಿದೆ. ಕಾರಣ ಅವರ ಬಾಲ್ಯದಲ್ಲಿದೆ: ಇಬ್ಬರೂ ಅಮೆರಿಕದ ಮಿಸೌರಿಯಲ್ಲಿ ಬೆಳೆದವರು, ಹೇಡನ್ ಅಂತೂ ಎಳವೆಯಲ್ಲೇ ತಮ್ಮ ಕುಟುಂಬದ ಕಂಟ್ರಿ, ಅಂದರೆ ಅಮೆರಿಕದ ಗ್ರಾಮೀಣ ಜನಪದದಿಂದ ಬೆಳೆದ ಹಾಡುಗಾರಿಕೆಯ, ತಂಡದೊಂದಿಗೆ ರೇಡಿಯೋದಲ್ಲಿ ಹಾಡುತ್ತಿದ್ದರು. ಕಂಟ್ರಿ ಗಾಯಕ ರಾಯ್ ಅಕಫ್ ಅವರ ‘ದ ಪ್ರೆಶಸ್ ಜ್ಯುವೆಲ್’ ಇಲ್ಲಿದೆ. ‘ಹೀಸ್ ಗಾನ್ ಅವೇ’ ಎಂಬ ಜನಪದ ಗೀತೆಯೂ ಇದೆ. ಇವುಗಳಲ್ಲಿ ಹೇಡನ್ ಅವರ ಬಾಸನ್ನೇ ಗಮನವಿಟ್ಟು ಕೇಳಬೇಕು. ಚುರುಕಿನ ಓಟಕ್ಕೆ ಇಳಿಯದೆ, ಕೆಲವೇ ಮಂದ್ರ ಸ್ವರಗಳನ್ನು ಮೀಟಿ, ಅವು ತಾವಾಗಿ ಕ್ಷೀಣಿಸುವವರೆಗೂ ಮೊಳಗಲು ಬಿಡುವ ಆ ಸಂಯಮದಿಂದಲೇ ಧಾಟಿಯು ಇಷ್ಟು ಸ್ಪಷ್ಟವಾಗಿ ಕಿವಿಗೆ ತಲುಪುತ್ತದೆ.