ಕಾರು ಆಮೇಲೆ, ಮೊದಲು ಟೇಪು ತಾ

ಪ್ರಶ್ನೆ: ಅಕ್ಕಾವ್ರೇ, ನನಗೆ 36 ವರ್ಷ. ಬೆಟಗೇರಿಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಎರಡು ವರ್ಷದ ಹಿಂದೆ ಮಾಳಿಗೆ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಶಕ್ತಿ ಇಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಕೈಗಳು ಗಟ್ಟಿ ಇವೆ. ಮೊದಲು ಕಾಗದ ತರಲು ವಾರಕ್ಕೆರಡು ಸಲ ನಾನೇ ಕಾರು ಓಡಿಸಿಕೊಂಡು ಹುಬ್ಬಳ್ಳಿಗೆ ಬರುತ್ತಿದ್ದೆ. ಈಗ ತಮ್ಮನಿಗೆ ಬಿಡುವಾದಾಗ ಮಾತ್ರ ಹೊರಗೆ. ಕೈಯಿಂದಲೇ ಬ್ರೇಕ್ ಹಾಕುವ ವ್ಯವಸ್ಥೆ ಇದೆಯಂತೆ. ಹೊಸ ಕಾರು ಬುಕ್ ಮಾಡೋಣ ಅಂದರೆ ಹೆಂಡತಿ, ಅವ್ವ ಇಬ್ಬರೂ ಬೇಡ ಅಂತಾರೆ. ಹಳೇ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆ. ಏನು ಮಾಡಲಿ?
– ಹೆಸರು ಬೇಡ, ಗದಗ

ಉತ್ತರ: ತಮ್ಮಾ, ನನಗೆ 54. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಬುಕಿಂಗ್ ದುಡ್ಡು ಇನ್ನೂ ಕೊಟ್ಟಿಲ್ಲ ತಾನೆ? ಕೊಡಬೇಡ.

2011ರ ಮಳೆಗಾಲದಲ್ಲಿ ಕಲಘಟಗಿ ರಸ್ತೆಯಲ್ಲಿ ನಾನಿದ್ದ ಗಾಡಿ ಪಲ್ಟಿಯಾಯಿತು. ಅಲ್ಲಿಂದ ವೀಲ್‌ಚೇರ್. ಮತ್ತೆ ಕಾರು ಓಡಿಸಿದ್ದು 2015ರಲ್ಲಿ. ಕ್ಲಚ್ ಇಲ್ಲದ ಸಣ್ಣ ಕಾರು ಮೇಷ್ಟ್ರ ಸಂಬಳಕ್ಕೆ ಎಟುಕುವಂತಾದದ್ದೇ ಅದರ ಹಿಂದಿನ ವರ್ಷ, ಮಾರುತಿ ಸೆಲೆರಿಯೊ ಬಂದಾಗ. ನಾನು ಮಾಡಿದ ತಪ್ಪು ಏನು ಗೊತ್ತಾ? ಮೊದಲು ಕಾರು ತಂದೆ. ಆಮೇಲೆ ಅದರೊಳಗೆ ಹತ್ತುವುದು ಹೇಗೆ ಅಂತ ಯೋಚಿಸಿದೆ. ಮೂರು ವಾರ ಕಾರು ಮನೆ ಮುಂದೆ ನಿಂತಿತ್ತು, ನಾನು ಕಟ್ಟೆಯ ಮೇಲೆ ಕೂತು ಅದನ್ನು ನೋಡುತ್ತಿದ್ದೆ.

ಓಡಿಸುವುದು ಸುಲಭದ ಭಾಗ. ಕುರ್ಚಿಗೂ ಕಾರಿನ ಸೀಟಿಗೂ ನಡುವೆ ಇರುವ ಆ ಒಂದು ಅಡಿ ಇದೆಯಲ್ಲ, ಕಷ್ಟ ಇರುವುದು ಅಲ್ಲಿ. ನನ್ನ ಕುರ್ಚಿ ಗಾದಿ ಸೇರಿ ನೆಲದಿಂದ 20 ಇಂಚು. ಕಾರಿನ ಸೀಟು ಇದಕ್ಕಿಂತ ತೀರಾ ಕೆಳಗಿದ್ದರೆ ಇಳಿಯುವಾಗ ಮೈಯನ್ನು ಮೇಲಕ್ಕೆತ್ತಬೇಕು. ತೀರಾ ಮೇಲಿದ್ದರೆ ಹತ್ತುವಾಗ ಸಾಕುಸಾಕಾಗುತ್ತದೆ. ದೊಡ್ಡ ಎಸ್‌ಯುವಿ ಮೇಲೆ ಆಸೆ ಇದ್ದರೆ ಇವತ್ತೇ ಬಿಡು. ಎರಡೂ ಹೆಚ್ಚುಕಡಿಮೆ ಸಮ ಇರುವ, ಬಾಗಿಲು ಅಗಲವಾಗಿ ತೆರೆಯುವ ಕಾರು ಹುಡುಕು.

ನಾನು ಹತ್ತುವ ಕ್ರಮ ಹೇಳುತ್ತೇನೆ. ಡ್ರೈವರ್ ಬಾಗಿಲು ಪೂರ್ತಿ ತೆರೆದು, ಕುರ್ಚಿಯನ್ನು ಸೀಟಿಗೆ ಓರೆಯಾಗಿ ಒತ್ತಿ ನಿಲ್ಲಿಸಿ, ಎರಡೂ ಬ್ರೇಕ್ ಹಾಕುತ್ತೇನೆ. ನಡುವಿನ ಸಂದಿಗೆ ನುಣುಪು ಹಲಗೆ. ಫಿಜಿಯೊಥೆರಪಿಯವರು ಸ್ಲೈಡಿಂಗ್ ಬೋರ್ಡ್ ಅಂತಾರೆ, ನಮ್ಮ ಬಡಿಗೇರ ಸಾಗವಾನಿಯಲ್ಲಿ ಮಾಡಿಕೊಟ್ಟ. ಎಡಗೈ ಕಾರಿನ ಸೀಟಿನ ಮೇಲೆ, ಬಲಗೈ ಕುರ್ಚಿಯ ಮೇಲೆ ಊರಿ, ತಲೆ ಬಗ್ಗಿಸಿ ಜರುಗುತ್ತೇನೆ. ತಲೆ ಬಗ್ಗಿಸುವುದು ಮರೆತರೆ ಬಾಗಿಲ ಚೌಕಟ್ಟೇ ನೆನಪು ಮಾಡಿಕೊಡುತ್ತದೆ. ಕೂತ ಮೇಲೆ ಕೈಯಿಂದ ಒಂದೊಂದೇ ಕಾಲು ಎತ್ತಿ ಒಳಗಿಡುವುದು. ಆಮೇಲೆ ಕುರ್ಚಿ. ನನ್ನದರ ಗಾಲಿ ಗುಂಡಿ ಒತ್ತಿದರೆ ಕಳಚುತ್ತವೆ. ಅವನ್ನು ಹಿಂದಿನ ಸೀಟಿಗೆ ಎಸೆದು, ಚೌಕಟ್ಟನ್ನು ಹೊಟ್ಟೆಯ ಮೇಲಿಂದ ದಾಟಿಸಿ ಪಕ್ಕದ ಸೀಟಿನಲ್ಲಿ ಕೂರಿಸುತ್ತೇನೆ. ಮೊದಲ ದಿನ 14 ನಿಮಿಷ ಹಿಡಿಯಿತು, ಸೀರೆಯ ಅಂಚು ಗಾಲಿಗೆ ಸಿಕ್ಕಿ ಹರಿಯಿತು. ಈಗ ನಾಲ್ಕು ನಿಮಿಷ ಸಾಕು. ಸೀರೆ ಬಿಟ್ಟು ಚೂಡಿದಾರ ಹಿಡಿದದ್ದೂ ಅದಕ್ಕೇ. ನಿನಗೆ ಆ ತೊಂದರೆ ಇಲ್ಲ.

ಇದನ್ನೆಲ್ಲ ತಮ್ಮನ ಕಾರಿನಲ್ಲೇ ಕಲಿಯಬಹುದು. ಮೊದಲ ಕೆಲವು ದಿನ ಫಿಜಿಯೊಥೆರಪಿಯವರು ಪಕ್ಕದಲ್ಲಿರಲಿ.

ಇನ್ನು ಹ್ಯಾಂಡ್ ಕಂಟ್ರೋಲ್. ಬಗೆ ಬಗೆಯವು ಇವೆ. ನನ್ನದು ಸ್ಟೇರಿಂಗ್ ಕೆಳಗೆ ಎಡಕ್ಕೆ ಒಂದು ಸರಳು. ಮುಂದಕ್ಕೆ ದೂಡಿದರೆ ಬ್ರೇಕ್, ತನ್ನ ಕಡೆಗೆ ಎಳೆದರೆ ಎಕ್ಸಲೇಟರ್. ಬಲಗೈಗೆ ಸ್ಟೇರಿಂಗ್ ಮೇಲೆ ಕೂರಿಸಿದ ಒಂದು ಗುಬಟು, ಅದನ್ನು ಹಿಡಿದು ಒಂದೇ ಕೈಯಲ್ಲಿ ತಿರುಗಿಸಬಹುದು. ಎರಡೂ ಕೈಗೆ ಕೆಲಸ ಬಿತ್ತು. ಹಾರ್ನ್ ಯಾರು ಹೊಡೆಯಬೇಕು? ಹುಬ್ಬಳ್ಳಿಯಲ್ಲಿ ಬ್ರೇಕ್ ಇಲ್ಲದೆ ಓಡಿಸಿದವರನ್ನು ನೋಡಿದ್ದೇನೆ, ಹಾರ್ನ್ ಇಲ್ಲದೆ ಓಡಿಸಿದವರನ್ನು ನೋಡಿಲ್ಲ. ಮೊದಮೊದಲು ಮೊಣಕೈಯಿಂದ ಹೊಡೆಯುತ್ತಿದ್ದೆ. ಆಮೇಲೆ ಸರಳಿನ ತುದಿಗೇ ಹಾರ್ನ್ ಬಟನ್ ಹಾಕಿಸಿದೆ.

ಒಂದನ್ನು ಮಾತ್ರ ಬಿಡಬೇಡ. ಪೆಡಲ್‌ಗಳ ಮುಂದೆ ಅಡ್ಡ ತಗಡು. ಕಾಲಿಗೆ ಶಕ್ತಿ ಇಲ್ಲದಿದ್ದರೂ ಸೆಳೆತ ಇರುತ್ತದೆ, ಅಲ್ವಾ? ಒಂದು ಗುಂಡಿಗೆ ಗಾಡಿ ಇಳಿದರೆ ಸಾಕು, ಕಾಲು ತಾನಾಗೇ ಚಾಚಿ ಎಕ್ಸಲೇಟರ್ ಮೇಲೆ ಕೂತುಬಿಡಬಹುದು. ನಮಗೆ ಅದು ಗೊತ್ತೂ ಆಗುವುದಿಲ್ಲ.

ಕಾಲಿನ ಇನ್ನೊಂದು ಕಥೆ ಕೇಳು. ಕೆಲಗೇರಿ ಕಡೆ ಬಯಲಿನಲ್ಲಿ ವಾರಗಟ್ಟಲೆ ಕಲಿತು, ಚೆನ್ನಾಗಿ ಬಂತು ಅಂದುಕೊಂಡು ರಸ್ತೆಗೆ ಇಳಿದೆ. ಎಮ್ಮೆಯೊಂದು ಅಡ್ಡ ಬಂತು. ನಾನು ಬ್ರೇಕ್ ಒತ್ತಿದೆ, ಕಾಲಿನಿಂದ. ಅಂದರೆ ತಲೆ ಕಾಲಿಗೆ ಹೇಳಿತು, ಕಾಲು ಅಲ್ಲಾಡಲಿಲ್ಲ. ಕೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಬಂಪರ್ ಎಮ್ಮೆಯ ಬಾಲಕ್ಕೆ ತಾಗುವಂತಿತ್ತು. ಹದಿನೆಂಟು ವರ್ಷ ಕಾಲಿನಿಂದ ಬ್ರೇಕ್ ಹಾಕಿದ ಅಭ್ಯಾಸ ಅದು. ಮಾರನೇ ದಿನ ಮತ್ತೆ ಬಯಲಿಗೆ ಹೋದೆ. ಪಕ್ಕದಲ್ಲಿ ಕೂತವರು ಹೇಳದೆ ಕೇಳದೆ ‘ಹಿಡೀ!’ ಅನ್ನಬೇಕು, ನಾನು ಸರಳು ದೂಡಬೇಕು. ದಿನಕ್ಕೆ ನೂರು ಸಲ, ಒಂದು ತಿಂಗಳು. ನೀನು ಹೊಸದಾಗಿ ಕಲಿಯುವವನಲ್ಲ, ಹಳೇ ಡ್ರೈವರ್. ಅದಕ್ಕೇ ನಿನಗೆ ಈ ಪಾಠ ಜಾಸ್ತಿ ಬೇಕು.

ಲೈಸೆನ್ಸ್ ವಿಷಯ. ಚಾಲ್ತಿಯಲ್ಲಿದೆ ಅಂತ ಸುಮ್ನೆ ಓಡಿಸಬೇಡ. ಆಗಿರುವುದನ್ನು ಆರ್‌ಟಿಒಗೆ ಹೇಳು. ಡಾಕ್ಟರ ಸರ್ಟಿಫಿಕೇಟ್ ಕೊಟ್ಟು, ಕೈಯಿಂದ ನಡೆಸುವ ಗಾಡಿಯಲ್ಲೇ ಪರೀಕ್ಷೆ ಕೊಡು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಾಗ ನಮ್ಮ ಗಾಡಿಗೆ ‘ಅಡಾಪ್ಟೆಡ್ ವೆಹಿಕಲ್’ ಅನ್ನುವ ಹೆಸರು ಬಂತು. ಅದಕ್ಕೆ ಮೊದಲು ‘ಇನ್‌ವ್ಯಾಲಿಡ್ ಕ್ಯಾರೇಜ್’ ಅನ್ನುತ್ತಿದ್ದರು, ಕೇಳಿದರೆ ಸಿಟ್ಟು ಬರುತ್ತಿತ್ತು. ಮಾಡಿಸಿದ ಬದಲಾವಣೆ ಆರ್‌ಸಿಯಲ್ಲಿ ಬರೆಸಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಇಲ್ಲದಿದ್ದರೆ ಏನಾದರೂ ಆದಾಗ ಅವರಿಗೆ ನೆಪ ಸಿಗುತ್ತದೆ. ನಾನು ಈ ಕೆಲಸಕ್ಕೆ ಹೋದ ಒಂದು ಕಚೇರಿಗೆ ಏಳು ಮೆಟ್ಟಿಲಿದ್ದವು. ‘ಮೇಲೆ ಬರ್ರಿ’ ಅಂದರು. ನಾನು ಕೆಳಗಿನಿಂದಲೇ ಫೈಲು ಎತ್ತಿ ತೋರಿಸಿದೆ. ಕೊನೆಗೆ ಅವರೇ ಇಳಿದು ಬಂದರು.

ದಾರಿಯ ಒಂದೆರಡು ಮಾತು. ಗದಗದಿಂದ ಹುಬ್ಬಳ್ಳಿ ಅರವತ್ತು ಕಿಲೋಮೀಟರ್ ಹತ್ತಿರ. ನಡುವೆ ಅಣ್ಣಿಗೇರಿಯಲ್ಲಿ ನಿಲ್ಲಿಸಿ, ಕೈ ಊರಿ ಮೈ ಎತ್ತಿ ಸೀಟಿನ ಒತ್ತಡ ಕಡಿಮೆ ಮಾಡು. ಕುರ್ಚಿಯಲ್ಲಿ ಹುಣ್ಣಾಗುವ ಹಾಗೆ ಕಾರಿನಲ್ಲೂ ಆಗುತ್ತದೆ. ತೊಡೆಯ ಮೇಲೆ ಬಿಸಿ ಏನನ್ನೂ ಇಡಬೇಡ. ನಾನು ಒಮ್ಮೆ ಉಣಕಲ್ ಹತ್ತಿರ ಗಿರ್ಮಿಟ್ಟು ಮಿರ್ಚಿ ಕಟ್ಟಿಸಿಕೊಂಡು ಪೊಟ್ಟಣ ತೊಡೆಯ ಮೇಲಿಟ್ಟು ಮನೆಗೆ ಬಂದೆ. ರಾತ್ರಿ ನೋಡಿದರೆ ರೂಪಾಯಿಯಗಲದ ಎರಡು ಬೊಬ್ಬೆ. ಮಾಯಲು ಎರಡು ತಿಂಗಳು ಬೇಕಾಯಿತು. ಪಾರ್ಕ್ ಮಾಡುವಾಗ ಬಲಕ್ಕೆ ಗೋಡೆಯೋ ಖಾಲಿ ಜಾಗವೋ ನೋಡಿಕೊಂಡರೆ ಸಾಲದು. ಖಾಲಿ ಜಾಗದಲ್ಲಿ ಇನ್ನೊಬ್ಬರು ತಂದು ನಿಲ್ಲಿಸುತ್ತಾರೆ. ಮದುವೆಯೊಂದರಲ್ಲಿ ಹಾಗಾಗಿ, ಗಾಡಿಯವರು ಊಟ ಮುಗಿಸಿ ಬರುವ ತನಕ ಒಂದೂಕಾಲು ತಾಸು ಬಿಸಿಲಲ್ಲಿ ಕಾದೆ. ಮರ, ಕಂಬ, ಏನಾದರೂ ಬಲಕ್ಕೆ ನಾಲ್ಕಡಿ ದೂರದಲ್ಲಿ ಅಡ್ಡ ಇರುವ ಜಾಗ ಹುಡುಕು.

ಹೆಂಡತಿ, ಅವ್ವನ ಜೊತೆ ವಾದ ಮಾಡಬೇಡ. ನಮ್ಮವ್ವ ‘ಯಾಕ ಬೇಕವ್ವಾ ಆ ಗಾಡಿ, ಬಸ್ ಅದಲ್ಲ’ ಅನ್ನುತ್ತಿದ್ದಳು. ಈಗ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಒಳ್ಳೆಯದೇ, ಪ್ಲಾಟ್‌ಫಾರ್ಮ್ ಮತ್ತು ಬಸ್ಸು ಒಂದೇ ಮಟ್ಟದಲ್ಲಿವೆ. ಆದರೆ ಮನೆಯಿಂದ ಸ್ಟಾಪಿನ ತನಕ ಏನು ಮಾಡಲಿ? ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿಗೆ ಎಲ್ಲರೂ ಹೆಮ್ಮೆಪಡುತ್ತಾರೆ. ಕುರ್ಚಿ ತಳ್ಳಿಕೊಂಡು ಹೋಗುವವಳಿಗೆ ಅದು ಒಂದೂವರೆ ಕಿಲೋಮೀಟರ್, ಅಷ್ಟೇ. ಬಯಲಿನಲ್ಲಿ ‘ಹಿಡೀ!’ ಅಂದವಳು ಇದೇ ಅವ್ವ. ಎರಡನೇ ವಾರಕ್ಕೆ ಅವಳ ‘ಯಾಕ ಬೇಕವ್ವಾ’ ನಿಂತಿತು, ಸೀಟ್ ಬೆಲ್ಟ್ ಹಾಕಿಕೊಂಡು ಮುಂಚೆಯೇ ಕೂತಿರುತ್ತಿದ್ದಳು. ನಿನ್ನ ಹೆಂಡತಿಗೂ ಆ ಕೆಲಸ ಕೊಡು.

ಕೊನೆಗೆ ದುಡ್ಡು. ಮೊದಲು ನಾವು ಸರ್ಟಿಫಿಕೇಟ್ ತಂದು ಸಣ್ಣ ಕಾರಿಗೆ 18% ಜಿಎಸ್‌ಟಿ ಕೊಡುತ್ತಿದ್ದೆವು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಎಲ್ಲರಿಗೂ ಅಷ್ಟೇ. ಹಾಗಾಗಿ ಶೋರೂಮಿನವರು ‘ನಿಮಗೆ ಸ್ಪೆಷಲ್’ ಅಂದರೆ ಏನು ಸ್ಪೆಷಲ್ ಅಂತ ಬರೆಸಿಕೊ.

ಈ ವಾರ ಇಷ್ಟು ಮಾಡು. ಟೇಪು ತಗೊಂಡು ನಿನ್ನ ಕುರ್ಚಿ ಗಾದಿ ಸೇರಿ ಎಷ್ಟು ಎತ್ತರ, ತಮ್ಮನ ಕಾರಿನ ಸೀಟು ಎಷ್ಟು ಎತ್ತರ, ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಮೂರೂ ಅಳೆದು ನನಗೆ ಬರೆದು ಕಳಿಸು. ಇಂಚಿನಲ್ಲಿ ಕಳಿಸು, ಸೆಂಟಿಮೀಟರ್ ನನ್ನ ತಲೆಗೆ ಹತ್ತುವುದಿಲ್ಲ.