ಕಾಯಿಸುವುದು ಸುಲಭ, ತಣಿಸುವುದೇ ಕೆಲಸ

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದಲ್ಲಿ ಲೋಹದ ಗುಂಡುಗಳನ್ನು ಪಾತ್ರೆಯೇ ಇಲ್ಲದೆ ತೇಲಿಸಿಟ್ಟು ಕರಗಿಸುತ್ತಾರೆ ಎಂದು ಓದಿದೆ. ಅಲ್ಲಿ ಬಿಸಿಗಾಳಿ ಮೇಲೇರುವುದೇ ಇಲ್ಲವಂತೆ. ಹಾಗಾದರೆ ಕಾದ ವಸ್ತು ತಣ್ಣಗಾಗುವುದು ಹೇಗೆ ಸರ್? ಇಷ್ಟು ಕಷ್ಟಪಟ್ಟು ಅಲ್ಲೇ ಯಾಕೆ ಕರಗಿಸಬೇಕು?
— ಪಿಯುಸಿ ವಿದ್ಯಾರ್ಥಿನಿ

ಉತ್ತರ: ಎಲ್ಲರೂ ಕೇಳುವುದು ಅಲ್ಲಿ ಹೇಗೆ ಬಿಸಿ ಮಾಡುತ್ತಾರೆ ಅಂತ. ನೀವು ತಣ್ಣಗಾಗುವುದರ ಬಗ್ಗೆ ಕೇಳಿದ್ದು ನನಗೆ ತುಂಬಾ ಹಿಡಿಸಿತು. ಮಿಶ್ರಲೋಹ ಕರಗಿಸುವುದು, ಗಟ್ಟಿಯಾದ ಮೇಲೆ ಕೊಯ್ದು, ಉಜ್ಜಿ, ಮೈಕ್ರೋಸ್ಕೋಪಿನಡಿ ನೋಡುವುದು ನನ್ನ ಕೆಲಸ. ಎಷ್ಟೇ ಚೆನ್ನಾಗಿ ಕರಗಿಸಿದರೂ ಒಳಗಿನ ಹರಳುಗಳು ದಪ್ಪವೋ ಸಣ್ಣವೋ, ಬೆರೆಸಿದ ತಾಮ್ರ ಒಂದೇ ಕಡೆ ಸೇರಿಕೊಂಡಿದೆಯೋ ಹರಡಿದೆಯೋ ಎಲ್ಲ ತೀರ್ಮಾನವಾಗುವುದು ತಣಿಯುವಾಗಲೇ.

ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಭೂಮಿಯ ಸೆಳೆತ ಅಲ್ಲೂ ಇಲ್ಲಿನ ಶೇ. 90ರಷ್ಟು ಇದ್ದೇ ಇದೆ. ನಿಲ್ದಾಣವೂ ಅದರೊಳಗಿನ ಎಲ್ಲವೂ ಒಟ್ಟಿಗೇ ಬೀಳುತ್ತಾ ಸುತ್ತುವುದರಿಂದ ತೂಕ ಗೊತ್ತಾಗುವುದಿಲ್ಲ, ಅಷ್ಟೇ. ತೂಕವೇ ಗೊತ್ತಾಗದ ಮೇಲೆ ಹಗುರವಾದದ್ದು ಮೇಲೆ, ಭಾರವಾದದ್ದು ಕೆಳಗೆ ಅನ್ನುವುದೂ ಇಲ್ಲ. ಒಲೆ ಮೇಲಿಟ್ಟ ನೀರಿನಲ್ಲಿ ಬಿಸಿಯಾದದ್ದು ಮೇಲೆ ಬಂದು ತಣ್ಣನೆಯದು ಕೆಳಗಿಳಿಯುತ್ತದಲ್ವಾ, ಆ ಓಡಾಟ ನಿಂತುಹೋಗುತ್ತದೆ.

ಆದರೆ ಶಾಖಕ್ಕೆ ಬೇರೆ ದಾರಿಗಳಿವೆ. ತೇಲುವ ಹನಿ ಯಾವ ಗೋಡೆಯನ್ನೂ ಮುಟ್ಟಿಲ್ಲ, ಹಾಗಾಗಿ ಮುಖ್ಯವಾಗಿ ವಿಕಿರಣದಿಂದಲೇ ತಣಿಯುತ್ತದೆ. ಕೆಲ್ವಿನ್ ಲೆಕ್ಕದಲ್ಲಿ ಉಷ್ಣತೆ ಎರಡು ಪಟ್ಟಾದರೆ ಹೊರಹೋಗುವ ಶಾಖ 16 ಪಟ್ಟಾಗುತ್ತದೆ. ಅದಕ್ಕೇ ಬೆಳ್ಳಗೆ ಹೊಳೆಯುವ ಹನಿ ಸರ್ರನೆ ತಣಿಯುತ್ತದೆ, ಕೆಂಪಿಗೆ ಬಂದ ಮೇಲೆ ನಿಧಾನವಾಗುತ್ತದೆ. ಇನ್ನೂ ಬೇಗ ಬೇಕೆಂದರೆ ಹೀಲಿಯಂ ಅಥವಾ ಆರ್ಗಾನ್ ಹಾಯಿಸುತ್ತಾರೆ. ತಾನಾಗಿ ಮೇಲೇರದಿದ್ದರೇನು, ನಾವು ತಳ್ಳಿದರೆ ಅನಿಲ ಹರಿಯುತ್ತದೆ.

ಇನ್ನು ಅಲ್ಲೇ ಯಾಕೆ ಅನ್ನುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುತ್ತಿದ ಕಾಯಿಲ್‌ನಲ್ಲಿ ವಿದ್ಯುತ್ ಹರಿಸಿ ಲೋಹದ ಗುಂಡನ್ನು ಇಲ್ಲೂ ತೇಲಿಸಬಹುದು. ತೊಂದರೆ ಏನೆಂದರೆ, ತೂಕ ಹೊರುವಷ್ಟು ಬಲವಾದ ಕಾಂತಕ್ಷೇತ್ರ ಗುಂಡನ್ನು ಕಾಯಿಸಿಯೂ ಬಿಡುತ್ತದೆ, ಒಳಗೆಲ್ಲ ಕಲಕಿಯೂ ಬಿಡುತ್ತದೆ. ತಣಿಸೋಣ ಎಂದು ಕರೆಂಟ್ ಇಳಿಸಿದರೆ ಗುಂಡು ಬೀಳುತ್ತದೆ. ಹಿಡಿದಿಡುವುದು, ಕಾಯಿಸುವುದು ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ನಿಲ್ದಾಣದಲ್ಲಿ ಹಿಡಿದಿಡಲು ತೀರಾ ಕಡಿಮೆ ಬಲ ಸಾಕು. 2014ರಲ್ಲಿ ಯುರೋಪಿನವರು ಕಳಿಸಿದ ವಿದ್ಯುತ್ಕಾಂತೀಯ ಕುಲುಮೆ ಕೊಲಂಬಸ್ ಘಟಕದಲ್ಲಿದೆ. ಅದರಲ್ಲಿ 6ರಿಂದ 8 ಮಿಲಿಮೀಟರ್ ಅಗಲದ ಗುಂಡನ್ನು ಕರಗಿಸಿ, ಕಾಯಿಸುವ ಕ್ಷೇತ್ರವನ್ನು ಮಾತ್ರ ಆರಿಸಬಹುದು. ಗುಂಡು ಇದ್ದಲ್ಲೇ ಇರುತ್ತದೆ, ತನ್ನ ಪಾಡಿಗೆ ತಣಿಯುತ್ತದೆ. ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಜಪಾನಿನ ಕಿಬೋ ಘಟಕದಲ್ಲಿರುವುದು ಇನ್ನೊಂದು ಬಗೆ. ಅಲ್ಲಿ 2 ಮಿಲಿಮೀಟರ್ ಆಸುಪಾಸಿನ ಮಣಿಗೆ ವಿದ್ಯುದಾವೇಶ ಕೊಟ್ಟು ಎಲೆಕ್ಟ್ರೋಡ್‌ಗಳ ನಡುವೆ ನಿಲ್ಲಿಸಿ, ಸುತ್ತಲಿಂದ ಲೇಸರ್ ಬಿಟ್ಟು ಕರಗಿಸುತ್ತಾರೆ. ಕರಗಲು 2,400 ಡಿಗ್ರಿ ಸೆಲ್ಸಿಯಸ್ ದಾಟಬೇಕಾದ ಎರ್ಬಿಯಂ ಆಕ್ಸೈಡನ್ನೂ ಅಲ್ಲಿ ದ್ರವವಾಗಿಸಿ ಸಾಂದ್ರತೆ ಅಳೆದಿದ್ದಾರೆ. ಅಷ್ಟು ಬಿಸಿಯಲ್ಲಿ ಯಾವ ಮೂಸೆಯಲ್ಲಿಟ್ಟರೂ (ಮೂಸೆ ಅಂದರೆ ಕರಗಿಸುವ ಪಾತ್ರೆ) ಮೂಸೆಯೂ ಅಷ್ಟಿಷ್ಟು ಕರಗಿ ಸೇರಿಕೊಳ್ಳುತ್ತದೆ. ಹಾಗೆ ಕಲಬೆರಕೆಯಾದದ್ದನ್ನು ಅಳೆದು ಏನು ಪ್ರಯೋಜನ?

ಮೂಸೆ ಇಲ್ಲದಿರುವುದರಿಂದ ಇನ್ನೊಂದು ಸೊಗಸಾದ ಸಂಗತಿ ನೋಡಲು ಸಿಗುತ್ತದೆ. ಹರಳು ಕಟ್ಟಲು ಮೊದಲ ನೆಲೆ ಸಾಮಾನ್ಯವಾಗಿ ಸಿಗುವುದು ಪಾತ್ರೆಯ ಗೋಡೆಯಲ್ಲಿ. ಗೋಡೆಯೇ ಇಲ್ಲದಿದ್ದರೆ ಹನಿ ತನ್ನ ಕರಗುವ ಬಿಂದುವಿಗಿಂತ ನೂರಾರು ಡಿಗ್ರಿ ಕೆಳಗಿಳಿದರೂ ದ್ರವವಾಗಿಯೇ ಉಳಿಯಬಲ್ಲದು. ಕ್ಯಾಮೆರಾದಲ್ಲಿ ಹನಿ ಮಂಕಾಗುತ್ತಾ ಹೋಗುತ್ತದೆ. ಇದ್ದಕ್ಕಿದ್ದಂತೆ ಒಂದು ಬದಿಯಲ್ಲಿ ಬೆಳ್ಳನೆ ಚುಕ್ಕೆ. ಅದರ ಅಂಚು ಮೈಮೇಲೆಲ್ಲ ಓಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಹನಿ ಮತ್ತೆ ಬೆಳಗುತ್ತದೆ. ಹನಿಯನ್ನು ಮುಟ್ಟದೆ, ಅದರ ಹೊಳಪಿನಿಂದಲೇ ಉಷ್ಣತೆ ಅಳೆಯುವ ಪೈರೋಮೀಟರಿನ ಇಳಿಯುತ್ತಾ ಬಂದ ಗೆರೆ ನೆಟ್ಟಗೆ ಮೇಲಕ್ಕೆ ಜಿಗಿಯುತ್ತದೆ. ಗಟ್ಟಿಯಾಗುವಾಗ ದ್ರವ ಬಿಟ್ಟುಕೊಟ್ಟ ಶಾಖ ಅದು. ಇಷ್ಟರ ಮೊದಲು, ಹನಿ ಇನ್ನೂ ದ್ರವವಾಗಿರುವಾಗಲೇ ಅದಕ್ಕೊಂದು ಸಣ್ಣ ತಟ್ಟು ಕೊಟ್ಟು ನಡುಗಿಸುತ್ತಾರೆ. ಎಷ್ಟು ಬೇಗಬೇಗ ನಡುಗುತ್ತದೆ ಅನ್ನುವುದರಿಂದ ಮೇಲ್ಮೈ ಸೆಳೆತ (ಸರ್ಫೇಸ್ ಟೆನ್ಷನ್) ಸಿಗುತ್ತದೆ, ನಡುಕ ಎಷ್ಟು ಬೇಗ ಅಡಗಿತು ಅನ್ನುವುದರಿಂದ ಸ್ನಿಗ್ಧತೆ, ಅಂದರೆ ದ್ರವ ಹರಿಯಲು ತೋರುವ ತಡೆ. ಟರ್ಬೈನ್ ಬ್ಲೇಡಿನಂಥ ಎರಕವನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವವರಿಗೆ ಈ ಅಂಕಿಗಳೇ ಬಂಡವಾಳ.

ಅಲ್ಲಿ ಎಲ್ಲ ಸಲೀಸು ಅಂತಲೂ ಅಂದುಕೊಳ್ಳಬೇಡಿ. ದ್ರವದೊಳಗೆ ಗುಳ್ಳೆ ಬಂದರೆ ಮೇಲೇರಿ ಹೋಗುವುದಿಲ್ಲ, ಒಳಗೇ ಉಳಿದು ತೂತಾಗುತ್ತದೆ. ಹನಿಯ ಒಂದು ಬದಿ ಜಾಸ್ತಿ ಬಿಸಿಯಿದ್ದರೆ ಅಲ್ಲಿ ಮೇಲ್ಮೈ ಸೆಳೆತ ಕಡಿಮೆಯಾಗಿ, ಮೇಲ್ಮೈ ದ್ರವ ತಣ್ಣನೆ ಬದಿಗೆ ಎಳೆದುಕೊಂಡು ಹೋಗುತ್ತದೆ. ಮರಾಂಗೋನಿ ಹರಿವು ಅನ್ನುವುದು ಇದನ್ನೇ. ಇದಕ್ಕೆ ಗುರುತ್ವ ಬೇಕಾಗಿಯೇ ಇಲ್ಲ. ಸುತ್ತಲಿಂದಲೂ ಸಮನಾಗಿ ಬಿಸಿ ಕೊಡಲು ಅಷ್ಟೊಂದು ಒದ್ದಾಡುವುದು ಇದಕ್ಕೇ.

ಪ್ರಶ್ನೆ: ನಿಲ್ದಾಣಕ್ಕೆ ಹೋಗದೆ ಇಂಥ ಪ್ರಯೋಗ ಮಾಡಲು ಆಗುವುದಿಲ್ಲವೇ?
— ಪ್ರೌಢಶಾಲಾ ಶಿಕ್ಷಕರು

ಉತ್ತರ: ಖಂಡಿತ ಆಗುತ್ತದೆ ಮೇಷ್ಟ್ರೇ. ಸ್ಯಾಂಪಲ್ ತಣಿಯಲು ಎಷ್ಟು ಹೊತ್ತು ಬೇಕು ಅನ್ನುವುದರ ಮೇಲೆ ನಿಂತಿದೆ. ಬೀಳುತ್ತಿರುವ ವಸ್ತುವಿಗೂ ತೂಕ ಗೊತ್ತಾಗುವುದಿಲ್ಲ. ಜರ್ಮನಿಯ ಬ್ರೆಮೆನ್‌ನಲ್ಲಿ ಇದಕ್ಕೆಂದೇ ಇರುವ ಗೋಪುರದಲ್ಲಿ ಮೇಲಿಂದ ಬಿಟ್ಟರೆ ಅಂಥ 4.7 ಸೆಕೆಂಡು ಸಿಗುತ್ತದೆ, ಕೆಳಗಿನಿಂದ ಚಿಮ್ಮಿಸಿದರೆ 9 ಸೆಕೆಂಡು ದಾಟುತ್ತದೆ. ಕಮಾನಿನಂತೆ ಏರಿಳಿಯುವ ವಿಮಾನದಲ್ಲಿ ಒಂದು ಸಲಕ್ಕೆ 20 ಸೆಕೆಂಡಿನಷ್ಟು. ಸಣ್ಣ ಹನಿಗೆ ಇದು ಸಾಕು. ಕೆಲವು ನಿಮಿಷ ಬೇಕಾದರೆ ಸೌಂಡಿಂಗ್ ರಾಕೆಟ್ ಇದೆ, ಕಕ್ಷೆ ಸೇರದೆ ಮೇಲೆ ಹೋಗಿ ವಾಪಸ್ ಬೀಳುವಂಥದ್ದು. ಲೋಹದ ಸರಳನ್ನು ಒಂದು ತುದಿಯಿಂದ ನಿಧಾನಕ್ಕೆ ಗಟ್ಟಿಯಾಗಿಸುವ ಕೆಲಸಕ್ಕೆ ಮಾತ್ರ ಗಂಟೆಗಟ್ಟಲೆ ಬೇಕು, ಅದಕ್ಕೆ ಕಕ್ಷೆಯೇ ಗತಿ.

ಹಾಗೆಂದು ಮನುಷ್ಯರು ಜೊತೆಗೆ ಹೋಗಲೇಬೇಕು ಅಂತೇನಿಲ್ಲ. 2007ರ ಜನವರಿಯಲ್ಲಿ ಇಸ್ರೋ ಹಾರಿಸಿದ, ಭೂಮಿಗೆ ವಾಪಸ್ ಬರುವ ಎಸ್‌ಆರ್‌ಇ-1 ಕ್ಯಾಪ್ಸೂಲಿನಲ್ಲಿ ಒಂದು ಪುಟ್ಟ ಕುಲುಮೆ ಇತ್ತು. ಕ್ಯಾಪ್ಸೂಲು 12 ದಿನ ಕಕ್ಷೆಯಲ್ಲಿದ್ದು ಬಂಗಾಳ ಕೊಲ್ಲಿಗಿಳಿಯಿತು. ಕೊಯ್ದು ಮೈಕ್ರೋಸ್ಕೋಪಿನಡಿ ನೋಡಬೇಕೆಂದರೆ ಸ್ಯಾಂಪಲ್ ವಾಪಸ್ ಬರಲೇಬೇಕಲ್ಲ.