ಪ್ರತಿಕ್ರಿಯೆ: ಹಿಮೋಗ್ಲೋಬಿನ್ ಏರಿದ್ದು ಮಾತ್ರೆಯಿಂದಲೇ?

ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮದ ಕುರಿತ ನಿಮ್ಮ ವರದಿಯಲ್ಲಿ, 100 ಮಿ.ಲೀ. ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದ ಪ್ರೌಢಶಾಲಾ ವಿದ್ಯಾರ್ಥಿನಿಯರನ್ನಷ್ಟೇ ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಸರಾಸರಿ ಏರಿದೆ ಎಂದಿದ್ದೀರಿ. ಆ ಏರಿಕೆಯ ಒಂದು ಪಾಲು ಮಾತ್ರೆಯಿಂದಲ್ಲ, ನೀವು ಆಯ್ಕೆ ಮಾಡಿದ ರೀತಿಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಬೆರಳ ತುದಿಯ ರಕ್ತದ ಅಳತೆ ಒಬ್ಬರಲ್ಲೇ ದಿನದಿಂದ ದಿನಕ್ಕೆ ಹೆಚ್ಚುಕಡಿಮೆಯಾಗುವುದರಿಂದ, ಅಂದು ಆಕಸ್ಮಿಕವಾಗಿ ಕಡಿಮೆ ತೋರಿದವರೂ ನಿಮ್ಮ ಪಟ್ಟಿಯಲ್ಲಿ ಸೇರಿರುತ್ತಾರೆ. ಅಂಥವರ ಮುಂದಿನ ಅಳತೆ ಮಾತ್ರೆಯಿಲ್ಲದೆಯೂ ಸಾಮಾನ್ಯವಾಗಿ ಮೇಲಕ್ಕೆ ಬರುತ್ತದೆ.

ಮೊದಲು ಎರಡೂ ಸುತ್ತಿನಲ್ಲಿ ಒಂದೇ ಬಗೆಯ ಉಪಕರಣ ಬಳಸಲಾಗಿತ್ತೇ ಎಂದು ಖಚಿತಪಡಿಸಿಕೊಳ್ಳಿ. ಬಳಿಕ 12 ಗ್ರಾಂ ಮೀರಿದ್ದವರನ್ನೂ ಸೇರಿಸಿ ಇಡೀ ತರಗತಿಯನ್ನು ಮರುಪರೀಕ್ಷಿಸಿ. ಮಾತ್ರೆ ಅವರಿಗೂ ಸಿಕ್ಕಿರುವುದರಿಂದ, ಆಯ್ಕೆಯ ಪ್ರಭಾವವಿಲ್ಲದೆ ಇಡೀ ತರಗತಿಯ ಸರಾಸರಿ ಏರಿದೆಯೇ ಎಂದು ತಿಳಿಯುತ್ತದೆ. ಮುಂದಿನ ಸುತ್ತಿಗೆ, ಕಾರ್ಯಕ್ರಮ ತಡವಾಗಿ ಆರಂಭವಾಗುವ ನೆರೆಯ ಶಾಲೆಯೊಂದರಲ್ಲಿ ಅದೇ ವಾರಗಳಲ್ಲಿ ಅಳತೆ ಪಡೆದು, ಎರಡೂ ಕಡೆಯ ಬದಲಾವಣೆಗಳ ನಡುವಿನ ಅಂತರವನ್ನು ಪರಿಣಾಮವೆಂದು ವರದಿ ಮಾಡಿ. ವಿತರಣೆಯ ರಿಜಿಸ್ಟರನ್ನು ನೆಚ್ಚಿಕೊಳ್ಳಬೇಡಿ (ಅದು ಹಂಚಿದ್ದನ್ನು ಹೇಳುತ್ತದೆ, ನುಂಗಿದ್ದನ್ನಲ್ಲ). ಶಿಕ್ಷಕರ ಎದುರಿನಲ್ಲೇ ನುಂಗಿದ ವಾರಗಳನ್ನು ಎಣಿಸಿ. ಈ ಅವಧಿಯಲ್ಲೇ ಜಂತುಹುಳುವಿನ ಅಲ್ಬೆಂಡಜೋಲ್ ಮಾತ್ರೆಯನ್ನೂ ಕೊಟ್ಟಿದ್ದರೆ, ಯಾವುದರಿಂದ ಎಷ್ಟು ಏರಿತೆಂದು ಈ ಅಂಕಿಅಂಶಗಳಿಂದ ಬೇರ್ಪಡಿಸಲಾಗದು. ವರದಿಯಲ್ಲಿ ಎರಡರ ಒಟ್ಟು ಪರಿಣಾಮವೆಂದೇ ಬರೆಯಿರಿ.